ಮೂವತ್ತು ದಿನದ ಮೌನಕ್ಕೆ ಹೊರಡುವವರಿಗೆ

ಮೂವತ್ತು ದಿನದ ಮೌನ ಧ್ಯಾನಕೂಟಕ್ಕೆ ಬರುವವರ ಚೀಲದಲ್ಲಿ ಬಟ್ಟೆಬರೆ, ಬೈಬಲು, ಟಿಪ್ಪಣಿ ಪುಸ್ತಕಗಳ ಜೊತೆಗೆ ಇನ್ನೊಂದು ವಸ್ತುವೂ ಸಾಮಾನ್ಯವಾಗಿ ಇರುತ್ತದೆ: ಆಗಲೇ ಮಾಡಿ ಮುಗಿಸಿದ ಒಂದು ತೀರ್ಮಾನ. ಕೆಲಸ ಬಿಡಬೇಕು, ಕನ್ಯಾಮಠ ಸೇರಬೇಕು, ಸೇವೆಗೆ ಹೋಗಬೇಕು, ಇಲ್ಲವೇ ಇದ್ದಲ್ಲೇ ಇರಬೇಕು. ದೇವರಿಂದ ಅದಕ್ಕೊಂದು ಮೊಹರು ಬಿದ್ದರೆ ಸಾಕು ಎನ್ನುವುದು ಒಳಗಿನ ಲೆಕ್ಕ. ಅದನ್ನು ಬಾಗಿಲಲ್ಲೇ ಇಳಿಸಿ ಬನ್ನಿ ಎಂದು ಯಾರೂ ಹೇಳುವುದಿಲ್ಲ. ಎರಡನೆಯ ವಾರದ ನಡುವೆ ಎಲ್ಲೋ ಅದು ತಾನಾಗಿಯೇ ಭಾರವಾಗುತ್ತದೆ. ಈ ದಾರಿ ಈಗಷ್ಟೇ ಮುಗಿದಿದೆ. ಯಾವ ತಿರುವಿನಲ್ಲಿ ಕಾಲು ಜಾರುತ್ತದೆ ಎನ್ನುವುದು ಮರೆತುಹೋಗುವ ಮೊದಲು, ಮುಂದೆ ಹೋಗುವವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಇದು ಸಂತ ಲೊಯೋಲದ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕ್ರಮ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಆ ಬಾಸ್ಕ್ ಯೋಧ, ಹಾಸಿಗೆಯಲ್ಲಿ ಮಲಗಿದ್ದಾಗ ತನ್ನ ಮನಸ್ಸಿನ ಏರಿಳಿತಗಳನ್ನು ಗಮನಿಸತೊಡಗಿದರು. 1522-23ರಲ್ಲಿ ಮಾನ್ರೆಸಾದಲ್ಲಿ ತಪಸ್ಸಿನಂತೆ ಕಳೆದ ತಿಂಗಳುಗಳಲ್ಲಿ ಅವು ಟಿಪ್ಪಣಿಗಳಾದವು. ಮೂರನೆಯ ಪೌಲ್ ಪೋಪರ ಅನುಮೋದನೆ ಸಿಕ್ಕಿದ್ದು 1548ರಲ್ಲಿ. ಆ ಪುಸ್ತಕವನ್ನು ಮೊದಲೇ ತರಿಸಿ ಓದಿಕೊಂಡು ಹೋಗುವವರಿದ್ದಾರೆ. ಓದಬೇಡಿ. ಅದು ಸಾಧನೆ ಮಾಡುವವರಿಗಾಗಿ ಬರೆದದ್ದಲ್ಲ, ಮಾಡಿಸುವವರಿಗಾಗಿ ಬರೆದದ್ದು. ಮೊದಲ ವಾರದಲ್ಲಿ ಇರುವವರಿಗೆ ಎರಡನೆಯ ವಾರದಲ್ಲಿ ಏನಿದೆ ಎಂದು ತಿಳಿಯದಿರುವುದೇ ಒಳ್ಳೆಯದು ಎಂದು ಇಗ್ನೇಷಿಯಸರೇ ಸೂಚನೆ ಕೊಟ್ಟಿದ್ದಾರೆ. ಮುಂದಿನದು ಗೊತ್ತಿದ್ದರೆ ಮನಸ್ಸು ಇಂದಿನದನ್ನು ಬಿಟ್ಟು ಅಲ್ಲಿಗೆ ಓಡುತ್ತದೆ. ಹಾಗಿದ್ದರೆ ಇದನ್ನೇಕೆ ಬರೆಯುತ್ತೀರಿ ಎಂದರೆ, ಧ್ಯಾನದ ವಿಷಯಗಳು ಇವತ್ತು ಎಲ್ಲರಿಗೂ ಸಿಗುತ್ತವೆ, ಎಡವುವ ಜಾಗಗಳ ಮಾಹಿತಿ ಮಾತ್ರ ಸಿಗುವುದಿಲ್ಲ.

ಅರ್ಜಿಯಿಂದ ಶುರು ಮಾಡೋಣ. ಹೋಗಬೇಕೆಂದ ತಕ್ಷಣ ಹೋಗುವ ಜಾಗ ಇದಲ್ಲ. ಪೂರ್ಣ 30 ದಿನದ ಸಾಧನೆ ಮಾಡಿಸುವ ಕೇಂದ್ರಗಳು ವರ್ಷದಲ್ಲಿ ಕೆಲವೇ ಸಲ ಅದನ್ನು ನಡೆಸುತ್ತವೆ. ಒಬ್ಬ ಮಾರ್ಗದರ್ಶಕರಿಗೆ ಕೆಲವರೇ ಸಾಧಕರು ಇರುವುದರಿಂದ ಜಾಗವೂ ಕಡಿಮೆ. ತಿಂಗಳುಗಟ್ಟಲೆ ಮೊದಲೇ ಕೇಳಿಕೊಳ್ಳಬೇಕು. ಸಾಮಾನ್ಯವಾಗಿ ಕೇಳುವುದು ಇಷ್ಟು: ಅರ್ಜಿ, ಧರ್ಮಕೇಂದ್ರದ ಗುರುಗಳದ್ದೋ ಆಧ್ಯಾತ್ಮಿಕ ಮಾರ್ಗದರ್ಶಕರದ್ದೋ ಒಂದು ಪತ್ರ, ಎರಡು ಮೂರು ಪುಟದಲ್ಲಿ ನಿಮ್ಮ ವಿಶ್ವಾಸದ ಬದುಕಿನ ಕಥೆ, ಆರೋಗ್ಯದ ವಿವರ, ಆಮೇಲೆ ಒಂದು ಮಾತುಕತೆ. ಮೊದಲು 8 ದಿನದ ಮೌನ ಧ್ಯಾನಕೂಟವನ್ನಾದರೂ ಮಾಡಿರಬೇಕು ಎನ್ನುವ ಷರತ್ತೂ ಹಲವೆಡೆ ಇರುತ್ತದೆ. ಅದನ್ನು ಬರಿಯ ಕಾಗದಪತ್ರದ ಕಟ್ಟಳೆ ಎಂದುಕೊಳ್ಳಬೇಡಿ. ಪ್ರವಚನ, ಹಾಡು, ಗುಂಪು ಪ್ರಾರ್ಥನೆಗಳ ಧ್ಯಾನಕೂಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿ ಪ್ರವಚನ ಇರುವುದಿಲ್ಲ. ಒಂಟಿಯಾಗಿ, ಮಾತಿಲ್ಲದೆ, ದಿನಕ್ಕೆ ನಾಲ್ಕೈದು ಗಂಟೆ ಕೂರಬೇಕು.

ಆರೋಗ್ಯದ ಅಂಕಣದಲ್ಲಿ ಏನನ್ನೂ ಮುಚ್ಚಿಡಬೇಡಿ. ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದರೆ, ಇತ್ತೀಚೆಗೆ ಮನೆಯಲ್ಲಿ ಸಾವು ಆಗಿದ್ದರೆ, ನಿದ್ರೆಯ ತೊಂದರೆ ಇದ್ದರೆ ಬರೆಯಿರಿ. ಬರೆದರೆ ತಿರಸ್ಕರಿಸುತ್ತಾರೆ ಎಂಬ ಭಯ ಇರುತ್ತದೆ. ಹೆಚ್ಚೆಂದರೆ ಮುಂದೂಡುತ್ತಾರೆ, ಅಥವಾ ಬೇರೆ ರೂಪ ಸೂಚಿಸುತ್ತಾರೆ. ಮುಚ್ಚಿಟ್ಟು ಬಂದರೆ ದೀರ್ಘ ಮೌನ ಅದನ್ನು ಹೊರಗೆಳೆದೇ ಎಳೆಯುತ್ತದೆ, ಆಗ ನಡುವೆ ನಿಲ್ಲಿಸಬೇಕಾಗುತ್ತದೆ. ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಿ ಬರುವುದಂತೂ ಬೇಡವೇ ಬೇಡ. ಅದು ದೇವರ ಮೇಲಿನ ಭರವಸೆಯಲ್ಲ, ದುಡುಕು.

ಅರ್ಜಿಯಲ್ಲಿ ಒಂದು ಪ್ರಶ್ನೆ ಖಂಡಿತ ಇರುತ್ತದೆ: ಏನನ್ನು ಬಯಸಿ ಬರುತ್ತಿದ್ದೀರಿ? ನಿಮ್ಮ ಉತ್ತರದ ಒಂದು ನಕಲನ್ನು ಇಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

ಖರ್ಚಿನಲ್ಲಿ ದೊಡ್ಡದು ಊಟ ವಸತಿಯದಲ್ಲ, ರಜೆಯದು. 30 ದಿನ ಎಂದರೂ ಹೋಗುವ ಮೊದಲಿನ ಎರಡು ಮೂರು ಸಿದ್ಧತೆಯ ದಿನ, ಮುಗಿದ ಮೇಲಿನ ಒಂದೆರಡು ದಿನ, ಪ್ರಯಾಣ ಎಲ್ಲ ಸೇರಿ ಐದು ವಾರ ಬೇಕು. ಅಷ್ಟು ರಜೆ ಸಿಗದವರಿಗೆ, ಮಕ್ಕಳನ್ನೋ ವೃದ್ಧರನ್ನೋ ನೋಡಿಕೊಳ್ಳುವವರಿಗೆ ಇಗ್ನೇಷಿಯಸರೇ ಇನ್ನೊಂದು ದಾರಿ ಇಟ್ಟಿದ್ದಾರೆ. ಪುಸ್ತಕದ ಆರಂಭದ 20 ಸೂಚನೆಗಳಲ್ಲಿ 19ನೆಯದು ಅದು: ಮನೆಯಲ್ಲೇ ಇದ್ದುಕೊಂಡು, ದಿನಕ್ಕೆ ಒಂದು ಒಂದೂವರೆ ಗಂಟೆಯಷ್ಟು ಪ್ರಾರ್ಥಿಸುತ್ತ, ತಿಂಗಳುಗಳ ಕಾಲ ಇದೇ ಸಾಧನೆಯನ್ನು ಹರಡಿಕೊಂಡು ಮಾಡುವುದು. ಅದನ್ನು ಎರಡನೆಯ ದರ್ಜೆ ಎಂದು ಭಾವಿಸುವವರು ತಪ್ಪು ಮಾಡುತ್ತಾರೆ. ಶಿಸ್ತಿನ ದೃಷ್ಟಿಯಿಂದ ಅದೇ ಕಷ್ಟ; ಮನೆಯ ಗಲಾಟೆಯ ನಡುವೆ ಎಂಟೊಂಬತ್ತು ತಿಂಗಳು ಒಂದು ಗಂಟೆಯನ್ನು ಕಾಪಾಡಿಕೊಳ್ಳುವುದು ಸಣ್ಣ ಮಾತಲ್ಲ.

ಸಿದ್ಧತೆಯ ದಿನಗಳಲ್ಲಿ ಫೋನ್ ಒಪ್ಪಿಸುತ್ತೀರಿ. ಮನೆಯವರಿಗೆ ತುರ್ತಿಗೆಂದು ಕೇಂದ್ರದ ಸಂಖ್ಯೆ ಕೊಟ್ಟು, ಬಾಕಿ ಇರುವ ಪಾವತಿ, ಸಹಿ, ಉತ್ತರಿಸಬೇಕಾದ ಪತ್ರ ಎಲ್ಲವನ್ನೂ ಮೊದಲೇ ಮುಗಿಸಿರಿ. ಒಂದು ಬಿಟ್ಟುಹೋದ ಕೆಲಸ ಸಾಕು, ಮೊದಲ ವಾರವಿಡೀ ಪ್ರಾರ್ಥನೆಯಲ್ಲಿ ಅದೇ ಬಂದು ಕೂರುತ್ತದೆ. ಈ ದಿನಗಳಲ್ಲಿ ನಿದ್ದೆ ಉಕ್ಕಿ ಬರುತ್ತದೆ. ಮಲಗಿ. ದಣಿದ ದೇಹಕ್ಕೆ ಸಾಧನೆ ಹಿಡಿಯುವುದಿಲ್ಲ.

ದಿನದ ಚೌಕಟ್ಟು ಹೀಗೆ. ನಾಲ್ಕು ಅಥವಾ ಐದು ಪ್ರಾರ್ಥನೆ, ಒಂದೊಂದೂ ಪೂರ್ತಿ ಒಂದು ಗಂಟೆ. ಮೂಲದಲ್ಲಿ ಒಂದು ನಡುರಾತ್ರಿಯಲ್ಲಿದೆ. ಇಂದು ಬಹುಪಾಲು ಮಾರ್ಗದರ್ಶಕರು ಸಾಧಕರ ಶಕ್ತಿ ನೋಡಿ ಅದನ್ನು ನಿರ್ಧರಿಸುತ್ತಾರೆ. ಬಲಿಪೂಜೆ (ಮಾಸ್). ಮಾರ್ಗದರ್ಶಕರೊಂದಿಗೆ ಅರ್ಧ ಮುಕ್ಕಾಲು ಗಂಟೆಯ ಭೇಟಿ. ಮಧ್ಯಾಹ್ನ ಮತ್ತು ರಾತ್ರಿ ಆತ್ಮಶೋಧನೆ. ಉಳಿದದ್ದು ನಡಿಗೆ, ಊಟ, ನಿದ್ರೆ. ಕೇಳಲು ಸುಲಭ.

ಪ್ರತಿ ಗಂಟೆಗೂ ಒಂದು ಒಳರಚನೆ ಇದೆ, ಅದನ್ನು ಅಕ್ಷರಶಃ ಪಾಲಿಸಿ. ಕೂರುವ ಜಾಗಕ್ಕೆ ಒಂದೆರಡು ಹೆಜ್ಜೆ ಇರುವಾಗ ನಿಂತು, 'ಪರಲೋಕದಲ್ಲಿರುವ ತಂದೆಯೇ' ಎಂಬ ಪ್ರಾರ್ಥನೆ ಹೇಳುವಷ್ಟು ಹೊತ್ತು, ದೇವರು ನನ್ನನ್ನು ಹೇಗೆ ನೋಡುತ್ತಿದ್ದಾರೆ ಎಂದು ನೆನೆಯುವುದು. ಆಮೇಲೆ ಸಿದ್ಧತೆಯ ಪ್ರಾರ್ಥನೆ, ಅದು ಮೂವತ್ತೂ ದಿನ ಬದಲಾಗುವುದಿಲ್ಲ: ನನ್ನ ಉದ್ದೇಶ, ಕೆಲಸ, ನಡೆ ಎಲ್ಲವೂ ದೇವರ ಸೇವೆಗೂ ಸ್ತುತಿಗೂ ಮಾತ್ರ ಸಲ್ಲಲಿ ಎಂಬುದು. ಬಳಿಕ ದೃಶ್ಯವನ್ನು ಕಣ್ಣ ಮುಂದೆ ತಂದುಕೊಳ್ಳುವುದು. ಬೇಕಾದ ವರವನ್ನು ಹೆಸರಿಸಿ ಕೇಳುವುದು. ಧ್ಯಾನ. ಕೊನೆಗೆ ಸಂಭಾಷಣೆ: ಗೆಳೆಯ ಗೆಳೆಯನೊಡನೆ, ಆಳು ಒಡೆಯನೊಡನೆ ಆಡುವಂಥ ಮಾತು. ಗಂಟೆ ಮುಗಿದ ಮೇಲೆ ಜಾಗ ಬದಲಿಸಿ ಕಾಲು ಗಂಟೆ ಮರುನೋಟ: ಎಲ್ಲಿ ಮನಸ್ಸು ಮಿಡಿಯಿತು, ಎಲ್ಲಿ ಬೇಸತ್ತಿತು, ಯಾವುದರಿಂದ ತಪ್ಪಿಸಿಕೊಂಡಿತು. ಬರೆದುಕೊಳ್ಳಬೇಕಾದದ್ದು ಇದನ್ನೇ. ಪ್ರಾರ್ಥನೆಯ ನಡುವೆ ಬರೆಯಲು ಕೂತರೆ ಆ ಗಂಟೆ ಪ್ರಬಂಧವಾಗುತ್ತದೆ. ಓದುಬರಹ ಹೆಚ್ಚಿದ್ದವರು ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ಬಹಳ ತಿಳಿದುಕೊಳ್ಳುವುದರಿಂದ ಆತ್ಮ ತಣಿಯುವುದಿಲ್ಲ, ಒಳಗೆ ಸವಿಯುವುದರಿಂದ ತಣಿಯುತ್ತದೆ ಎಂದು ಎರಡನೆಯ ಸೂಚನೆಯಲ್ಲೇ ಇದೆ.

ಸಾಧನೆಯ ಹೊಸ್ತಿಲು 'ಮೂಲತತ್ವ ಮತ್ತು ಬುನಾದಿ' ಎಂಬ ಅರ್ಧ ಪುಟ. ಮನುಷ್ಯ ಸೃಷ್ಟಿಯಾದದ್ದು ದೇವರನ್ನು ಸ್ತುತಿಸಿ, ಗೌರವಿಸಿ, ಸೇವಿಸಲು. ಉಳಿದೆಲ್ಲ ವಸ್ತುಗಳು ಅದಕ್ಕೆ ನೆರವಾಗಲು. ನೆರವಾಗುವಷ್ಟು ಬಳಸು, ಅಡ್ಡಿಯಾದಷ್ಟು ಬಿಡು. ಹಾಗಾಗಿ ರೋಗಕ್ಕಿಂತ ಆರೋಗ್ಯ, ಬಡತನಕ್ಕಿಂತ ಸಿರಿ, ಅವಮಾನಕ್ಕಿಂತ ಮಾನ, ಅಲ್ಪಾಯುಷ್ಯಕ್ಕಿಂತ ದೀರ್ಘಾಯುಷ್ಯವೇ ಬೇಕೆಂದು ಮೊದಲೇ ಹಟ ಹಿಡಿಯದ ನಿರ್ಲಿಪ್ತತೆ. ಈ ಶಬ್ದ ಎಲ್ಲರನ್ನೂ ಎಡವಿಸುತ್ತದೆ. ನಿರ್ಲಿಪ್ತತೆ ಎಂದರೆ ಏನಾದರೇನು ಎಂಬ ಉದಾಸೀನವಲ್ಲ. ತಕ್ಕಡಿಯ ಮುಳ್ಳು ನಡುವೆ ನಿಂತಿರುವ ಸ್ಥಿತಿ ಅದು, ತಟ್ಟೆಗೆ ಬೆರಳೊತ್ತದಿರುವುದು. ಒತ್ತುತ್ತಿರುವ ಬೆರಳು ಯಾವುದು ಎಂದು ಕಂಡುಕೊಂಡರೆ ಈ ಹಂತದಲ್ಲಿ ಸಾಕು, ಅದನ್ನು ತೆಗೆಯಲು ಇನ್ನೂ ಕಾಲವಿದೆ.

ಮೊದಲ ವಾರ ಪಾಪದ ವಾರ. ವಾರ ಎಂದರೆ ಏಳು ದಿನವೇ ಎಂದಲ್ಲ, ಹಂತ ಎಂದು ತಿಳಿಯಿರಿ. ಸಾಧಕರಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಲೋಕದ ಪಾಪ, ನನ್ನ ಪಾಪ, ಅದರ ಮೇಲೆ ಪುನರಾವರ್ತನೆ, ಮತ್ತೆ ಪುನರಾವರ್ತನೆ. ಕೋಣೆಯ ಕಿಟಕಿ ಮುಚ್ಚಿ ಬೆಳಕು ಕಡಿಮೆ ಮಾಡಿಕೊಳ್ಳಿ ಎಂಬ ಸೂಚನೆಯೂ ಇದೆ. ಇಲ್ಲಿ ಎರಡು ರೀತಿಯಲ್ಲಿ ದಾರಿ ತಪ್ಪುತ್ತದೆ. ಒಂದು, ಪಟ್ಟಿ ಮಾಡುವುದು: ಬಾಲ್ಯದಿಂದ ಇಂದಿನವರೆಗೆ ಒಂದೂ ಬಿಡದಂತೆ ಲೆಕ್ಕ ಬರೆದು, ಲೆಕ್ಕ ಸರಿಯಾಯಿತೆಂಬ ತೃಪ್ತಿಯಲ್ಲಿ ಪಶ್ಚಾತ್ತಾಪವನ್ನೇ ಮರೆಯುವುದು. ಇನ್ನೊಂದು, ತನ್ನನ್ನು ಹಳಿದುಕೊಳ್ಳುವುದೇ ದೀನತೆ ಎಂದು ಭಾವಿಸುವುದು. ಹಳಿದುಕೊಳ್ಳುವವರ ಕಣ್ಣು ಕೊನೆಗೂ ತಮ್ಮ ಮೇಲೆಯೇ ನೆಟ್ಟಿರುತ್ತದೆ. ಅದಕ್ಕೇ ಇಗ್ನೇಷಿಯಸ್ ಮೊದಲ ಧ್ಯಾನದ ಕೊನೆಗೇ ಸಾಧಕರನ್ನು ಶಿಲುಬೆಯ ಮುಂದೆ ನಿಲ್ಲಿಸಿ ಮೂರು ಪ್ರಶ್ನೆ ಕೇಳಿಸುತ್ತಾರೆ: ಕ್ರಿಸ್ತರಿಗಾಗಿ ನಾನು ಏನು ಮಾಡಿದ್ದೇನೆ, ಏನು ಮಾಡುತ್ತಿದ್ದೇನೆ, ಏನು ಮಾಡಬೇಕು? ಈ ವಾರ ಪೂರ್ತಿಯಾಯಿತೆಂಬ ಗುರುತು ಅಳು ಅಲ್ಲ, ಇಷ್ಟಾದರೂ ನನ್ನನ್ನು ಪ್ರೀತಿಸಲಾಗಿದೆ ಎಂಬ ಬೆರಗು. ಜೀವಮಾನದ ಪಾಪನಿವೇದನೆ ಮಾಡಬೇಕೆನ್ನುವವರು ಈ ವಾರದ ಕೊನೆಯಲ್ಲಿ ಮಾಡುತ್ತಾರೆ. ಅದು ಕಡ್ಡಾಯವಲ್ಲ.

ಅಷ್ಟರಲ್ಲಿ ಬರಡು ದಿನಗಳು ಬಂದಿರುತ್ತವೆ. ಬಂದೇ ಬರುತ್ತವೆ. ಪ್ರಾರ್ಥನೆ ಒಣಮರಳು, ಗಡಿಯಾರ ನಿಂತಂತೆ, ಮನೆಗೆ ಹೋಗಿಬಿಡೋಣ ಎಂಬ ಆಲೋಚನೆಗೆ ನೂರು ಒಳ್ಳೆಯ ಕಾರಣ. ಇಂಥ ಸ್ಥಿತಿಗಾಗಿಯೇ ಬರೆದ ವಿವೇಚನೆಯ ನಿಯಮಗಳಿವೆ, ಮೊದಲ ವಾರಕ್ಕೆ 14, ಎರಡನೆಯದಕ್ಕೆ 8. ಅವುಗಳಿಂದಲೂ ಆರಂಭದ ಸೂಚನೆಗಳಿಂದಲೂ ಆಯ್ದ ಮೂರು ಸದಾ ಕೈಯಲ್ಲಿರಲಿ. ಬರಡು ಹೊತ್ತಿನಲ್ಲಿ ಯಾವ ತೀರ್ಮಾನವನ್ನೂ ಬದಲಿಸಬೇಡಿ, ಸಾಂತ್ವನದ, ಅಂದರೆ ಮನಸ್ಸು ದೇವರ ಕಡೆಗೆ ಒಲಿದು ತಣಿದಿದ್ದ, ಹೊತ್ತಿನಲ್ಲಿ ಮಾಡಿದ್ದಕ್ಕೆ ಅಂಟಿಕೊಳ್ಳಿ. ಗಂಟೆಯನ್ನು ಮೊಟಕು ಮಾಡಬೇಕೆನಿಸಿದರೆ ಅದಕ್ಕೆ ಬದಲಾಗಿ ಎರಡು ನಿಮಿಷ ಹೆಚ್ಚು ಕೂರಿ. ಮಾರ್ಗದರ್ಶಕರಿಗೆ ಇದೊಂದನ್ನು ಹೇಳುವುದು ಬೇಡ ಎಂದು ಮನಸ್ಸು ಯಾವುದರ ಬಗ್ಗೆ ಹೇಳುತ್ತದೋ ಅದನ್ನೇ ಮೊದಲು ಹೇಳಿ, ಏಕೆಂದರೆ ಶತ್ರು, ಅಂದರೆ ಸೈತಾನ, ಗುಟ್ಟನ್ನು ಬಯಸುವ ಕಪಟ ಪ್ರೇಮಿಯಂತೆ, ಬಯಲಾದರೆ ಅವನ ಆಟ ಮುಗಿಯಿತು. ಪಾಪಗಳ ವಿವರವನ್ನು ಮಾರ್ಗದರ್ಶಕರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಒಳಗಿನ ಚಲನೆಗಳು.

ಬರಡುತನಕ್ಕೆ ಇಗ್ನೇಷಿಯಸ್ ಕೊಡುವ ಕಾರಣಗಳು ಮೂರು: ನಮ್ಮ ಸೋಮಾರಿತನ, ಪ್ರತಿಫಲವಿಲ್ಲದೆಯೂ ನಾವು ಎಷ್ಟು ನಿಲ್ಲುತ್ತೇವೆ ಎಂಬ ಪರೀಕ್ಷೆ, ಸಾಂತ್ವನ ನಮ್ಮ ಸಂಪಾದನೆಯಲ್ಲ, ಕೊಡುಗೆ ಎಂಬ ಅರಿವು. ಮೂರನೆಯದರಲ್ಲಿ, ಪರರ ಮನೆಯಲ್ಲಿ ಗೂಡು ಕಟ್ಟಬೇಡ ಎಂಬ ಅರ್ಥದ ಮಾತಿದೆ. ಹಿಂದಿನ ದಿನ ಕಣ್ಣೀರು ಹರಿದ ಪ್ರಾರ್ಥನೆಯನ್ನು 'ನನ್ನ ಪ್ರಾರ್ಥನೆ ಚೆನ್ನಾಗಿ ಆಯಿತು' ಎಂದು ಟಿಪ್ಪಣಿಯಲ್ಲಿ ಬರೆದವರಿಗೆ ಈ ಮಾತು ಸರಿಯಾಗಿ ನಾಟುತ್ತದೆ. ದೀನತೆಯ ಮೊದಲ ನಿಜವಾದ ಪಾಠ ಸಿಗುವುದು ಪಾಪದ ಧ್ಯಾನದಲ್ಲಲ್ಲ, ಈ ಒಣ ಗಂಟೆಗಳಲ್ಲಿ ಎಂಬುದು ನನ್ನ ಎಣಿಕೆ.

ಒಂದು ದಿನ ವಿರಾಮ. ಕೆಲವು ಕೇಂದ್ರಗಳಲ್ಲಿ ಮಾತಾಡಲು ಬಿಡುತ್ತಾರೆ. ಕಡಿಮೆ ಮಾತಾಡಿ, ಇನ್ನೊಬ್ಬರ ಅನುಭವದೊಂದಿಗೆ ನಿಮ್ಮದನ್ನು ಅಳೆಯತೊಡಗಿದರೆ ಮರುದಿನ ಪ್ರಾರ್ಥನೆಯಲ್ಲಿ ಅಸೂಯೆಯೂ ಬಂದು ಕೂರುತ್ತದೆ.

ಎರಡನೆಯ ವಾರವೇ ಇಡೀ ಸಾಧನೆಯ ಬೆನ್ನೆಲುಬು, ಅತಿ ಉದ್ದದ್ದೂ ಹೌದು. ಕ್ರಿಸ್ತರ ಕರೆಯಿಂದ ಶುರುವಾಗಿ ಮನುಷ್ಯಾವತಾರ, ಜನನ, ನಜರೇತಿನ ಮರೆಯ ಬದುಕು ಎಂದು ಶುಭಸಂದೇಶದ ದೃಶ್ಯಗಳೊಳಗೆ ನಡೆಯುತ್ತೀರಿ. ಕಲ್ಪನೆ ಬರುವುದಿಲ್ಲ ಎನ್ನುವವರು ಗಾಬರಿಯಾಗಬೇಡಿ. ಚಿತ್ರ ಕಾಣದಿದ್ದರೆ ಮಾತು ಕೇಳಿಸಿಕೊಳ್ಳಿ, ಅದೂ ಇಲ್ಲದಿದ್ದರೆ ಸುಮ್ಮನೆ ಆ ಜಾಗದಲ್ಲಿ ಇರಿ. ನಾಲ್ಕನೆಯ ದಿನ ಬಿಗಿ ಬರುತ್ತದೆ. 'ಎರಡು ಧ್ವಜಗಳು' ಎಂಬ ಧ್ಯಾನ. ಶತ್ರುವಿನ ಏಣಿಗೆ ಮೂರು ಮೆಟ್ಟಿಲು: ಮೊದಲು ಸಿರಿಯ ಆಸೆ, ಅದರಿಂದ ಲೋಕದ ಮಾನ, ಅದರಿಂದ ಅಹಂಕಾರ. ಕ್ರಿಸ್ತರದ್ದೂ ಮೂರು: ಬಡತನ, ಅವಮಾನ, ದೀನತೆ. ಸಿರಿ ಎಂದರೆ ಹಣವೇ ಆಗಬೇಕಿಲ್ಲ. ಒಳ್ಳೆಯ ಸೇವಕಿ ಎಂಬ ಹೆಸರು, ಇವರಿಲ್ಲದೆ ಸಂಘ ನಡೆಯುವುದಿಲ್ಲ ಎಂಬ ಮಾತು, ಪ್ರಾರ್ಥನೆ ಚೆನ್ನಾಗಿ ಹೇಳುವ ಕೌಶಲ ಇವೆಲ್ಲ ಸಿರಿಯೇ. ಕೆಟ್ಟದ್ದರ ಮೂಲಕ ಬೀಳದವರು ಒಳ್ಳೆಯದರ ಮೂಲಕ ಬೀಳುತ್ತಾರೆ.

ಅದೇ ದಿನ 'ಮೂರು ಬಗೆಯ ಜನ'. ಒಬ್ಬೊಬ್ಬರಿಗೂ ಹತ್ತು ಸಾವಿರ ಡ್ಯೂಕಟ್ ಹಣ ಸಿಕ್ಕಿದೆ, ದೇವರ ಪ್ರೀತಿಗಾಗಿಯೇ ಗಳಿಸಿದ್ದೇನಲ್ಲ, ಅದರ ಮೇಲಿನ ಮೋಹ ಮನಸ್ಸನ್ನು ಚುಚ್ಚುತ್ತಿದೆ. ಮೊದಲನೆಯವರು ಬಿಡಬೇಕು ಬಿಡಬೇಕು ಎನ್ನುತ್ತ ಸಾಯುವ ತನಕ ಏನೂ ಮಾಡುವುದಿಲ್ಲ. ಎರಡನೆಯವರದು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾಣತನ: ಮೋಹ ಹೋಗಲಿ, ಹಣ ಇರಲಿ, ದೇವರೇ ನನ್ನ ಕಡೆಗೆ ಬರಲಿ. ಮೂರನೆಯವರು ಇಟ್ಟುಕೊಳ್ಳುವ ಹಟವನ್ನೂ ಬಿಡುವ ಹಟವನ್ನೂ ಕೆಳಗಿಟ್ಟು, ದೇವರ ಸೇವೆಗೆ ಯಾವುದು ಹೆಚ್ಚೋ ಅದಕ್ಕೆ ಕಾಯುತ್ತಾರೆ. ಚೀಲದಲ್ಲಿ ತಂದ ತೀರ್ಮಾನ ಭಾರವಾಗುವುದು ಇಲ್ಲಿಯೇ. ಎಲ್ಲವನ್ನೂ ತೊರೆದು ಹೋಗುತ್ತೇನೆ ಎಂದು ಬಂದವರೂ ಎರಡನೆಯ ಬಗೆಯವರೇ ಆಗಿರಬಹುದು, ಏಕೆಂದರೆ ತೊರೆಯುವುದನ್ನೂ ಅವರೇ ಆರಿಸಿಟ್ಟಿದ್ದಾರೆ. ಬಿಡಲು ಮನಸ್ಸು ಬಾರದಿದ್ದರೆ, ಬಿಡುವುದನ್ನೇ ಕೊಡು ಎಂದು ಮನಸ್ಸಿಗೆ ವಿರುದ್ಧವಾಗಿಯಾದರೂ ಬೇಡಿಕೊಳ್ಳಿ ಎಂದು ಇಗ್ನೇಷಿಯಸರ ಟಿಪ್ಪಣಿ. ಆ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳುವಾಗ ಗಂಟಲು ಕಟ್ಟುವುದು ಸಹಜ. ಕಟ್ಟದಿದ್ದರೆ ನಿಜವಾದ ಗಂಟು ಬೇರೆಲ್ಲೋ ಇದೆ ಎಂದರ್ಥ, ಹುಡುಕಿ.

ಬದುಕಿನ ದಾರಿಯ ಆಯ್ಕೆಗೆ ಕೂರುವ ಮೊದಲು ದೀನತೆಯ ಮೂರು ಬಗೆಗಳನ್ನು ದಿನವಿಡೀ ಆಗಾಗ ಮೆಲುಕು ಹಾಕಬೇಕು. ಮೊದಲನೆಯದು, ಜೀವ ಹೋದರೂ ಮಾರಕ ಪಾಪಕ್ಕೆ ಒಪ್ಪದ ವಿಧೇಯತೆ. ಎರಡನೆಯದು, ಸಿರಿಯೋ ಬಡತನವೋ ಎಂಬ ಒಲವಿಲ್ಲದ, ಸಣ್ಣ ಪಾಪಕ್ಕೂ ಮನಸ್ಸು ಮಾಡದ ಸ್ಥಿತಿ. ಮೂರನೆಯದು, ಬಡ ಕ್ರಿಸ್ತರೊಡನೆ ಬಡತನವನ್ನು, ನಿಂದೆಗೊಳಗಾದ ಕ್ರಿಸ್ತರೊಡನೆ ನಿಂದೆಯನ್ನು ಬಯಸುವುದು, ಅವರಂತಾಗುವ ಆಸೆಯಿಂದ. ಈ ಮೂರನೆಯದರ ಜೊತೆಗಿರುವ ಷರತ್ತನ್ನು ಅನೇಕರು ಗಮನಿಸುವುದಿಲ್ಲ: ದೇವರ ಮಹಿಮೆ ಎರಡರಲ್ಲೂ ಸಮವಾಗಿರುವಾಗ. ಹಿಂಸೆ ಕೊಡುವವರ ಬಳಿಯೇ ಉಳಿಯುವುದು, ಅನ್ಯಾಯದ ಎದುರು ಬಾಯಿ ಮುಚ್ಚಿಕೊಳ್ಳುವುದು, ಚಿಕಿತ್ಸೆ ಬೇಡವೆನ್ನುವುದು ಇದರಲ್ಲಿ ಬರುವುದಿಲ್ಲ. ಅವಮಾನದ ಮೇಲಿನ ಪ್ರೀತಿಯಲ್ಲ ಇದು, ಅವಮಾನಿತರಾದ ಒಬ್ಬರ ಮೇಲಿನ ಪ್ರೀತಿ. ಅದು ಬರದಿದ್ದರೆ ಬಂತೆಂದು ನಟಿಸಬೇಡಿ. ಬೇಕೆಂಬ ಆಸೆಯಾದರೂ ಬರಲಿ ಎಂದು ಕೇಳಿಕೊಂಡರೆ ಸಾಕು, ಮಾರ್ಗದರ್ಶಕರೂ ಅಷ್ಟನ್ನೇ ಹೇಳುತ್ತಾರೆ.

ಆಮೇಲೆ ಆಯ್ಕೆ. ಮದುವೆ, ಗುರುದೀಕ್ಷೆಗಳಂಥ ಬದಲಾಯಿಸಲಾಗದ್ದನ್ನು ಮತ್ತೆ ಆಯ್ಕೆಗೆ ತರುವಂತಿಲ್ಲ; ಅಂಥವರು ಅದರೊಳಗಿನ ಬದುಕನ್ನು ತಿದ್ದಿಕೊಳ್ಳುವುದನ್ನೇ ಆರಿಸಬೇಕು. ಆಯ್ಕೆಯ ಸಮಯ ಮೂರು ತರಹ. ಯೇಸುವಿನ ಪ್ರೇಷಿತರಾದ ಪೌಲರಿಗೆ, ಮತ್ತಾಯರಿಗೆ ಆದಂತೆ ಸಂಶಯಕ್ಕೇ ಎಡೆಯಿಲ್ಲದ ಕರೆ. ಸಾಂತ್ವನ ಮತ್ತು ಬರಡುತನಗಳ ಏರಿಳಿತದಿಂದ ದಿನದಿಂದ ದಿನಕ್ಕೆ ಸ್ಪಷ್ಟವಾಗುವುದು. ಇವೆರಡೂ ಇಲ್ಲದಿದ್ದರೆ, ಮನಸ್ಸು ಶಾಂತವಾಗಿರುವಾಗ ಬುದ್ಧಿಯಿಂದ ತೂಗುವುದು. ಇದಕ್ಕೊಂದು ಹಾಳೆ ಸಾಕು: ಒಪ್ಪಿದರೆ ಲಾಭ, ಒಪ್ಪಿದರೆ ಅಪಾಯ, ಬಿಟ್ಟರೆ ಲಾಭ, ಬಿಟ್ಟರೆ ಅಪಾಯ. ನಾಲ್ಕೂ ದೇವರ ಸೇವೆಯ ದೃಷ್ಟಿಯಿಂದ ಮಾತ್ರ. ಬಳಿಕ, ಹಿಂದೆಂದೂ ನೋಡದ ವ್ಯಕ್ತಿಯೊಬ್ಬರು ಇದೇ ಸಮಸ್ಯೆ ತಂದರೆ ಏನು ಹೇಳುತ್ತಿದ್ದೆ, ಸಾಯುವ ಗಳಿಗೆಯಲ್ಲಿ ಏನು ಮಾಡಿರಬೇಕಿತ್ತು ಎನಿಸುತ್ತದೆ ಎಂದು ಕೇಳಿಕೊಳ್ಳುವುದು. ಮಾರ್ಗದರ್ಶಕರ ಮುಖ ನೋಡಿ ಉತ್ತರ ಊಹಿಸಲು ಹೋಗಬೇಡಿ. ಅವರು ಯಾವ ಕಡೆಗೂ ವಾಲದೆ, ಸೃಷ್ಟಿಕರ್ತರು ತಮ್ಮ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕೆಂಬುದು 15ನೆಯ ಸೂಚನೆ. ಅವರ ಮೌನ ಆಗ ಕೋಪ ತರಿಸುತ್ತದೆ. ಏನನ್ನೂ ಆಯ್ಕೆ ಮಾಡಲಾಗದೆ ಈ ಹಂತ ದಾಟುವವರೂ ಇದ್ದಾರೆ, ಅದು ಸೋಲಲ್ಲ.

ಮೂರನೆಯ ವಾರ ಪಾಡುಗಳದ್ದು, ಅಂದರೆ ಕ್ರಿಸ್ತರ ಯಾತನೆ ಮತ್ತು ಮರಣದ್ದು. ಇಲ್ಲಿ ಕೇಳುವ ವರ ವಿಚಿತ್ರ: ದುಃಖಪಡುವ ಕ್ರಿಸ್ತರೊಡನೆ ದುಃಖ. ಕೊನೆಯ ಭೋಜನದಲ್ಲಿ ಶಿಷ್ಯರ ಕಾಲು ತೊಳೆಯುವ ದೃಶ್ಯದಲ್ಲಿ ಪೇತ್ರರ ಜಾಗದಲ್ಲಿ ಕೂತು ನೋಡಿ. ಕಾಲು ತೊಳೆಯುವುದಕ್ಕಿಂತ ತೊಳೆಸಿಕೊಳ್ಳುವುದು ಕಷ್ಟ. ಬಂಧನಕ್ಕೆ ಮೊದಲು ಗೆತ್ಸೆಮನೆ ತೋಟದಲ್ಲಿ ಯೇಸು ತಂದೆಗೆ ಹೇಳಿದ 'ನನ್ನ ಚಿತ್ತವಲ್ಲ, ನಿಮ್ಮ ಚಿತ್ತ' ಎಂಬ ಮಾತಿಗೆ ಮೊದಲು ಈ ಪಾತ್ರೆ ನನ್ನಿಂದ ದೂರವಾಗಲಿ ಎಂಬ ಮಾತೂ ಇದೆ ಎನ್ನುವುದನ್ನು ಹಾರಿಸಬೇಡಿ. ಒಪ್ಪಿಸಿಕೊಡುವವರು ಬೇಡವೆನ್ನಬಾರದು ಎಂದೇನಿಲ್ಲ. ಅಳು ಬಂದರೆ ಅಳಿ, ಏನೂ ಅನಿಸದಿದ್ದರೆ ಕಲ್ಲಿನಂತೆ ಅಲ್ಲೇ ಇರಿ. ಈ ವಾರ ಬಹುಪಾಲು ಜನರದ್ದು ಹೀಗೆಯೇ ಸಾಗುತ್ತದೆ. ದೈಹಿಕವಾಗಿ ಸುಸ್ತು ಹೆಚ್ಚುವುದೂ ಈಗಲೇ. ಮಾಡಿದ ಆಯ್ಕೆ ಈ ನೆರಳಿನಲ್ಲಿ ನಿಲ್ಲುತ್ತದೆಯೇ ನೋಡಿಕೊಳ್ಳಿ.

ನಾಲ್ಕನೆಯ ವಾರಕ್ಕೆ ಕಿಟಕಿ ತೆರೆಯುತ್ತದೆ. ಪುನರುತ್ಥಾನದ ದೃಶ್ಯಗಳು, ಮೊದಲು ಮಾತೆ ಮರಿಯಮ್ಮನವರಿಗೆ ಕಾಣಿಸಿಕೊಂಡದ್ದರ ಧ್ಯಾನ. ಅದು ಶುಭಸಂದೇಶದಲ್ಲಿ ಬರೆದಿಲ್ಲ ಎಂದು ಹುಡುಕುತ್ತ ಕೂರಬೇಡಿ, ಇಗ್ನೇಷಿಯಸರಿಗೂ ಅದು ಗೊತ್ತಿತ್ತು. ಸಂತೋಷಪಡಲು ಬಾರದು ಎಂಬುದು ಇಲ್ಲಿನ ಅನಿರೀಕ್ಷಿತ ತೊಡಕು. ಮೂರು ವಾರದ ಶ್ರಮದ ಬಳಿಕ ಮನಸ್ಸು ಆಗಲೇ ಮನೆಗೆ ಹೊರಟಿರುತ್ತದೆ, ಬಸ್ಸು ರೈಲಿನ ಲೆಕ್ಕ ಶುರುವಾಗಿರುತ್ತದೆ. ಕೊನೆಯ ಧ್ಯಾನ ದೇವರ ಪ್ರೀತಿಯನ್ನು ಪಡೆಯುವುದಕ್ಕಾಗಿ. ಪ್ರೀತಿ ಮಾತಿಗಿಂತ ಕೃತಿಯಲ್ಲಿರಬೇಕು ಎಂದು ಶುರುವಾಗಿ, ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಸಂಕಲ್ಪ ಎಲ್ಲವನ್ನೂ ತೆಗೆದುಕೊಳ್ಳಿ, ನಿಮ್ಮ ಪ್ರೀತಿ ಮತ್ತು ಕೃಪೆ ಕೊಟ್ಟರೆ ಸಾಕು ಎಂಬ ಸಮರ್ಪಣೆಯ ಪ್ರಾರ್ಥನೆ. ಇದನ್ನು ಮೊದಲ ದಿನವೇ ಹಾಡಾಗಿ ಹಾಡಿ ಬಂದವರಿಗೆ ಈಗ ಅದರ ಒಂದೊಂದು ಶಬ್ದಕ್ಕೂ ತೂಕ ಬಂದಿರುತ್ತದೆ. ಪೂರ್ತಿ ಹೇಳಲಾಗದಿದ್ದರೆ ಹೇಳಲಾಗುವ ಸಾಲಿನವರೆಗೆ ಹೇಳಿ ನಿಲ್ಲಿಸಿ.

ಹೊರಬಂದ ಮೇಲೆ ಪ್ರಮಾಣಪತ್ರ ಇಲ್ಲ. ಮೊದಲ ವಾರ ಜನರ ಮಾತು ಜೋರಾಗಿ ಕೇಳುತ್ತದೆ, ಸಣ್ಣದಕ್ಕೆ ರೇಗುತ್ತದೆ. ತಿಂಗಳ ಕಾಲ ನಿಮ್ಮ ಕೆಲಸ ಹೊತ್ತವರು ದಣಿದಿರುತ್ತಾರೆ; ನಿಮ್ಮ ಅನುಭವ ಹೇಳುವ ಮೊದಲು ಅವರ ಕೈಯಿಂದ ಕೆಲಸ ತೆಗೆದುಕೊಳ್ಳಿ. ಆಯ್ಕೆಯನ್ನು ತಕ್ಷಣ ಎಲ್ಲರಿಗೂ ಸಾರಬೇಡಿ. ಸಾರಿದರೆ ಅದು ಮಾನದ ಪ್ರಶ್ನೆಯಾಗುತ್ತದೆ, ಆಮೇಲೆ ತಿದ್ದಲು ಆಗುವುದಿಲ್ಲ. ಅದಕ್ಕೆ ಸಂಬಂಧಪಟ್ಟವರಿಗೆ, ಮೇಲಧಿಕಾರಿಗಳಿಗೆ, ಸಂಗಾತಿಗೆ ತಿಳಿಸಿ, ಅವರು ಹೇಳುವುದನ್ನೂ ದೃಢೀಕರಣದ ಭಾಗವೆಂದೇ ಕೇಳಿಸಿಕೊಳ್ಳಿ. ದಿನಕ್ಕೆ ಐದು ಗಂಟೆ ಪ್ರಾರ್ಥಿಸಿದ ಉಮೇದಿನಲ್ಲಿ ಮನೆಯಲ್ಲೂ ಎರಡು ಗಂಟೆ ಎಂದು ಇಟ್ಟುಕೊಂಡವರದು ಮೂರನೆಯ ವಾರಕ್ಕೆ ನಿಲ್ಲುತ್ತದೆ. ಅರ್ಧ ಗಂಟೆ ಪ್ರಾರ್ಥನೆ, ರಾತ್ರಿ ಕಾಲು ಗಂಟೆ ಆತ್ಮಶೋಧನೆ ಇಟ್ಟುಕೊಳ್ಳಿ. ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಮರುನೋಟ, ಕ್ಷಮೆ, ನಾಳೆಯ ನಿಶ್ಚಯ, ಈ ಐದು ಅಂಶ ಅದರಲ್ಲಿ ಹಿಡಿಯುತ್ತವೆ.

ಟಿಪ್ಪಣಿ ಪುಸ್ತಕವನ್ನು ಕಟ್ಟಿ ಇಡಿ, ಮೂರು ತಿಂಗಳು ತೆರೆಯಬೇಡಿ. ತೆರೆಯುವ ದಿನ, ಅರ್ಜಿಯಲ್ಲಿ 'ಏನನ್ನು ಬಯಸಿ ಬರುತ್ತಿದ್ದೀರಿ' ಎಂಬುದಕ್ಕೆ ಬರೆದ ಉತ್ತರದ ನಕಲನ್ನು ಅದರ ಪಕ್ಕದಲ್ಲಿಟ್ಟುಕೊಂಡು ಓದಿ.